ಬಿಲ್‌ನಲ್ಲಿ ಬಾಲ್ಬ್-ಸಿ, ಪೆಟ್ಟಿಗೆಯಲ್ಲಿ ಬೇರೆಯದೇ ಇಲಿ: ತರಿಸುವ ಮುಂಚೆ ಓದಿ

ಶಿವಮೊಗ್ಗ ಕಡೆ ಪಿಎಚ್‌ಡಿಗೆ ಇಲಿ ತರಿಸುವವರು ದಯವಿಟ್ಟು ಇದನ್ನು ಓದಿ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ಹತ್ತಿರದ ತಳಿಗಳನ್ನು ಕೂಡಿಸಿದರೆ ಮರಿ ಹೇಗೆ, ದೂರದ ತಳಿಗಳನ್ನು ಕೂಡಿಸಿದರೆ ಹೇಗೆ ಅಂತ ತೂಗಿ ನೋಡುವುದು ನನ್ನ ಕೆಲಸ. ಹತ್ತಿರದ್ದಕ್ಕೆ ಸಿ57 ಬ್ಲ್ಯಾಕ್ 6 ಅನ್ನುವ ಕಪ್ಪು ಲ್ಯಾಬ್ ಇಲಿಯ ಎರಡು ಕವಲು, ಜೆ ಮತ್ತು ಎನ್, 1951ರಲ್ಲಿ ಬೇರೆಯಾದ ದಾಯಾದಿಗಳು. ದೂರದ್ದಕ್ಕೆ ಅದೇ ಕಪ್ಪು ಗಂಡು, ಬಾಲ್ಬ್-ಸಿ ಅನ್ನುವ ಬಿಳಿ ತಳಿಯ ಹೆಣ್ಣು. ವಂಶ ದೂರ ಇದ್ದರೆ ಮೊದಲ ಪೀಳಿಗೆಯ ಮರಿಗಳು ಸಾಮಾನ್ಯವಾಗಿ ಗಟ್ಟಿ, ತೂಕವೂ ಜಾಸ್ತಿ. (ಅತಿ ದೂರವಾದರೂ ಕಷ್ಟ. ಪಿಡಬ್ಲ್ಯುಡಿ ಹೆಣ್ಣಿಗೆ ಈ ಕಪ್ಪು ಗಂಡು ಬಿಟ್ಟರೆ ಹುಟ್ಟುವ ಗಂಡುಗಳಿಗೆ ಸಂತಾನವೇ ಆಗುವುದಿಲ್ಲ. ರಸ್ತೆ ಇಲಾಖೆಯಲ್ಲ, ಇಲಿ ತಳಿ!) ಆದರೆ ಅಪ್ಪ ಅಮ್ಮ ಇಬ್ಬರೂ ಶುದ್ಧ ಇರಬೇಕು. ಕನಿಷ್ಠ 20 ತಲೆಮಾರು ಅಣ್ಣ ತಂಗಿಯನ್ನೇ ಕೂಡಿಸಿ ಬೆಳೆಸಿದ ತಳಿ. ಹೈಬ್ರಿಡ್ ಬೀಜಕ್ಕೆ ಅಪ್ಪ ಅಮ್ಮ ಶುದ್ಧ ತಳಿ ಇರಬೇಕು ಅಂತ ಶಿಕಾರಿಪುರದ ಮೆಕ್ಕೆಜೋಳದ ರೈತರಿಗೂ ಗೊತ್ತು.

ಕಪ್ಪು ಗಂಡು, ಬಿಳಿ ಹೆಣ್ಣಿನ ಮರಿಗಳಿಗೆ ಕೂದಲು ಬಂತು. ಗೈಡ್ ಪಕ್ಕದಲ್ಲೇ ನಿಂತಿದ್ದರು, ಕೇಜ್ ಮುಚ್ಚಳ ತೆಗೆದೆ. ಈ ಜೋಡಿಗೆ ಎಲ್ಲವೂ ಅಟ್ಟದ ಇಲಿಯ ಕಂದು ಬಣ್ಣದವೇ ಆಗಬೇಕು. ಶುದ್ಧ ಬಾಲ್ಬ್-ಸಿ ಬಿಳಿ ಕೂದಲ ಅಡಿಯಲ್ಲಿ ಈ ಕಂದಿನ ಜೀನನ್ನೇ ಹೊತ್ತಿರುತ್ತದೆ, ಅದು ಕಪ್ಪನ್ನು ಮುಚ್ಚಿಬಿಡುತ್ತದೆ, ಒಂದೂ ಕಪ್ಪು ಬರುವ ಹಾಗೇ ಇಲ್ಲ. ಇಲ್ಲಿ ಒಂದೇ ಸೂಲಿನಲ್ಲಿ ಅರ್ಧ ಕಂದು, ಅರ್ಧ ಕಪ್ಪು. ಅರ್ಧ ಕಪ್ಪು! ಗೈಡ್ ನನ್ನ ಮುಖ ನೋಡಿದರು. "ಎಂತ ಇದು?" ಬಾಲ್ಬ್-ಸಿ ದುಡ್ಡು ತಗೊಂಡು ಯಾವುದೋ ಮಿಶ್ರ ಬಿಳಿ ಇಲಿ ಕಳಿಸಿದ್ದಾರೆ. ಬಿಳಿ ಕೂದಲ ಅಡಿಯಲ್ಲಿ ಯಾವ ಬಣ್ಣದ ಜೀನ್ ಇದ್ದರೂ ಕಾಣುವುದಿಲ್ಲ, ಅಲ್ವಾ?

ಇಲಿ ಮಾರಿದವರಿಗೆ ಫೋನ್ ಮಾಡಿದೆ. "ಮೇಡಂ, ಬಿಳಿ ಇಲಿ ಅಂದ್ರೆ ಬಿಳಿ ಇಲಿ ಅಷ್ಟೇ." ಬಿಡಿಸಿ ಹೇಳಿದೆ. "ಅಪ್ಪ ಕಪ್ಪು ಇದ್ಮೇಲೆ ಮರಿ ಇನ್ನೇನಾಗುತ್ತೆ?" ಮತ್ತೆ ಹೇಳಿದೆ. "ನಿಮ್ಮ ಮಲೆನಾಡಿನ ಥಂಡಿಗೆ ಬಣ್ಣ ಬದಲಾಗಿರಬೇಕು." ಥಂಡಿಗೆ ಅಂತೆ ಮಾರಾಯ್ರೆ! ಡಿಎನ್‌ಎ ರಿಪೋರ್ಟ್ ಕೇಳಿದರೆ, "ಅದೆಲ್ಲ ಫಾರಿನ್ನವರು ಕೇಳೋದು." ಫೋಟೋ ಕಳಿಸಿದೆ. ನೋಡಿದರು, ಉತ್ತರವಿಲ್ಲ. ಆಮೇಲೆ ಒಂದು ಮೆಸೇಜ್: ಮುಂದಿನ ಆರ್ಡರ್‌ಗೆ ಡಿಸ್ಕೌಂಟ್ ಕೊಡುತ್ತಾರಂತೆ. ಮುಂದಿನ ಆರ್ಡರ್!

ತಳಿಯ ಪೂರ್ತಿ ಹೆಸರು, ಎಷ್ಟನೇ ತಲೆಮಾರು, ಡಿಎನ್‌ಎ ರಿಪೋರ್ಟ್, ಇಷ್ಟೂ ಕೈಗೆ ಬರದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವರೇ ಕೊಟ್ಟ ಜೆ, ಎನ್ ಮೇಲೂ ನನಗೀಗ ನಂಬಿಕೆಯಿಲ್ಲ. ಎರಡೂ ಕಪ್ಪು, ನೋಡಿದರೆ ಗೊತ್ತಾಗುವುದಿಲ್ಲ. ಜೆ ಇಲಿಯಲ್ಲಿ ಎನ್‌ಎನ್‌ಟಿ ಜೀನಿನ ಒಂದು ತುಂಡು ಇರುವುದಿಲ್ಲ, ಎನ್‌ನಲ್ಲಿ ಇರುತ್ತದೆ. ಪಿಸಿಆರ್ ಅನ್ನುವ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಆ ಖರ್ಚೂ ಈಗ ನನ್ನ ತಲೆ ಮೇಲೆ.