ಕೆರೆ ಉಳಿಸಲು ಯಾವ ಮಾಡೆಲ್, ನೆರೆ ಲೆಕ್ಕಕ್ಕೆ ಯಾವುದು?

ಕೊಪ್ಪಳ ಸುತ್ತಿನ ಕೆರೆ, ಹಳ್ಳದ ಕೆಲಸಕ್ಕೆ ಮಾಡೆಲ್ (ಬಿದ್ದ ಮಳೆಯಿಂದ ಎಷ್ಟು ನೀರು ಹರಿಯುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ತಂತ್ರಾಂಶ) ಹುಡುಕುತ್ತಿದ್ದೀರಾ? ಎಚ್‌ಇಸಿ-ಎಚ್‌ಎಂಎಸ್ ಮತ್ತು ಸ್ವಾಟ್, ಎರಡನ್ನೂ ನೋಡಿ. ಎರಡೂ ಅಮೆರಿಕದವು, ಎರಡೂ ಉಚಿತ.

ಒಂದು ರಾತ್ರಿ ಜೋರು ಮಳೆ ಬಿದ್ದರೆ ಹಳ್ಳಕ್ಕೆ ಎಷ್ಟು ಹೊತ್ತಿಗೆ ಎಷ್ಟು ನೀರು ಬರುತ್ತದೆ, ಕೋಡಿ ತಡೆಯುತ್ತದಾ? ಇದಕ್ಕೆ ಎಚ್‌ಎಂಎಸ್ ಸಾಕು. ಗಂಟೆ ಲೆಕ್ಕದ ಮಳೆ ಕೊಡಿ. 2009ರ ಅಕ್ಟೋಬರ್‌ನಂಥ ನೆರೆ ಮನಸ್ಸಲ್ಲಿದ್ದರೆ ಇದೇ ಇರಲಿ. ನೀರು ಯಾವ ಓಣಿಗೆ ನುಗ್ಗುತ್ತದೆ ಅಂತ ನಕ್ಷೆ ಬೇಕಾದರೆ ಜೊತೆಗೆ ಎಚ್‌ಇಸಿ-ರಾಸ್ ಅನ್ನುವ ಇನ್ನೊಂದು ಮಾಡೆಲ್ ಬೇಕು.

ಕೆರೆಯಲ್ಲಿ ಬೇಸಿಗೆವರೆಗೂ ನೀರು ನಿಲ್ಲುತ್ತದಾ, ಹೂಳು ಎಷ್ಟು ಬರುತ್ತದೆ ಅನ್ನುವುದಕ್ಕೆ ಸ್ವಾಟ್. ಇಲ್ಲಿ ನಮ್ಮ ಎರೆ ಹೊಲವನ್ನು ಮರೆಯಬೇಡಿ. ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಅಲ್ವಾ? ಮೊದಲ ಮಳೆ ಜಾಸ್ತಿ ಅದರೊಳಗೇ ಇಳಿಯುತ್ತದೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅಷ್ಟೇ ಮಳೆಗೆ ಹಳ್ಳ ತುಂಬಿ ಬರುತ್ತದೆ. ಸ್ವಾಟ್‌ನಲ್ಲಿ ಈ ಬಿರುಕಿನ ಲೆಕ್ಕಕ್ಕೆ ಆಯ್ಕೆ ಇದೆ. ಎಚ್‌ಎಂಎಸ್‌ನಲ್ಲಿ ಒಂದೇ ಮಳೆಯ ಲೆಕ್ಕ ಹಾಕುವಾಗ ಕರ್ವ್ ನಂಬರನ್ನು (ಬಿದ್ದ ಮಳೆಯಲ್ಲಿ ಎಷ್ಟು ಹರಿದು ಹೋಗುತ್ತದೆ ಅಂತ ಅಂದಾಜಿಸುವ ಸಂಖ್ಯೆ) ನೀವೇ ಬದಲಿಸಬೇಕು. ಸುಮ್ನೆ ಪುಸ್ತಕದ ಸಂಖ್ಯೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಸ್ವಾಟ್‌ಗೆ ಹಲವು ವರ್ಷಗಳ ದಿನದ ಮಳೆ, ಮಣ್ಣು, ಬೆಳೆಯ ಮಾಹಿತಿ ಬೇಕು. ಕಷ್ಟವಾದರೂ ಕೆರೆ ಕೆಲಸಕ್ಕೆ ನಾನು ಅದನ್ನೇ ಮೊದಲು ಹಿಡಿಯುತ್ತೇನೆ. ಕೋಡಿಯ ಅಗಲ ನಿರ್ಧರಿಸುವಾಗ ಎಚ್‌ಎಂಎಸ್.