ಲಿಬ್ರೆಆಫೀಸ್ ರೈಟರ್: ಕನ್ನಡ ಕರಡಿನ ಕಾಮೆಂಟು-ತಿದ್ದುಪಡಿಗೆ ಎಷ್ಟು ಒದಗುತ್ತದೆ?

ಬೆಂಗಳೂರಿನ ಸಣ್ಣ ಪ್ರಕಾಶನಗಳು, ಅನುವಾದದ ತಂಡಗಳು, ಕನ್ನಡದಲ್ಲಿ ವರದಿ ತರುವ ಸಂಸ್ಥೆಗಳು ಕರಡು ತಿದ್ದುವ ಬಗೆ ಹೆಚ್ಚುಕಡಿಮೆ ಒಂದೇ. ಲೇಖಕರಿಂದ ಫೈಲು ಬರುತ್ತದೆ, ಇಬ್ಬರು ಮೂವರು ಓದಿ ಗುರುತು ಹಾಕುತ್ತಾರೆ, ಯಾರೋ ಒಬ್ಬರು ಕೂತು ಎಲ್ಲವನ್ನೂ ಒಂದೇ ಪ್ರತಿಗೆ ಇಳಿಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’ ಅಂತ ಹೆಸರು ಹೊತ್ತ ಫೈಲುಗಳು ಓಡಾಡುವುದು ಇಲ್ಲಿಂದಲೇ. ಈ ಕೆಲಸಕ್ಕೆ, ಮೈಕ್ರೋಸಾಫ್ಟ್ ವರ್ಡ್ ಥರದ ಉಚಿತ ಬರವಣಿಗೆ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್ ಸಾಕೇ? ಸಾಕು. ಆದರೆ ಇನ್‌ಸ್ಟಾಲ್ ಮಾಡಿದ ಸ್ಥಿತಿಯಲ್ಲೇ ಬಿಟ್ಟರೆ ಸಾಲದು. ಕನ್ನಡಕ್ಕೆ ಅದನ್ನು ಒಂದಿಷ್ಟು ಹದ ಮಾಡಿಕೊಳ್ಳಬೇಕು.

ಇಳಿಸಿಕೊಳ್ಳುವುದು ಸುಲಭ. ಇದನ್ನು ರೂಪಿಸುವ ಸಂಸ್ಥೆ ದಿ ಡಾಕ್ಯುಮೆಂಟ್ ಫೌಂಡೇಶನ್ನಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇದಕ್ಕೇ ದುಡ್ಡು ಕೇಳುತ್ತಾರೆ. ಕೊಟ್ಟರೆ ಯೋಜನೆಗೆ ಸಹಾಯ, ಕೊಡದಿದ್ದರೆ ನಷ್ಟವೇನಿಲ್ಲ. ಹೊಸ ಆವೃತ್ತಿ ಮತ್ತು ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು, ಎರಡೂ ಇಟ್ಟಿರುತ್ತಾರೆ. ಕಚೇರಿಯ ಎಲ್ಲ ಯಂತ್ರಗಳಲ್ಲೂ ಒಂದೇ ಆವೃತ್ತಿ ಇರಲಿ. ಒಬ್ಬರದು ಹಳೆಯದು, ಇನ್ನೊಬ್ಬರದು ಹೊಸದು ಆದರೆ ಕಾಮೆಂಟು ಬಗೆಹರಿಯಿತೆಂದು ಹೇಳುವ ‘ರಿಸಾಲ್ವ್ಡ್’ ಗುರುತಿನಂಥವು ಕಾಣದೆ ಹೋಗಬಹುದು. ಆ ಸೌಲಭ್ಯ ಬಂದದ್ದೇ 2020ರ 6.4 ಆವೃತ್ತಿಯಲ್ಲಿ. ಇನ್‌ಸ್ಟಾಲ್ ಆಗುವಾಗ ‘ಕಸ್ಟಮ್’ ಆರಿಸಿದರೆ ಕನ್ನಡ ಮೆನುವನ್ನೂ ಸೇರಿಸಿಕೊಳ್ಳಬಹುದು. ಆದರೆ ಫೋನಿನಲ್ಲಿ ಒಬ್ಬರಿಗೊಬ್ಬರು ‘ಎಡಿಟ್‌ಗೆ ಹೋಗಿ, ಟ್ರ್ಯಾಕ್ ಚೇಂಜಸ್ ಒತ್ತಿ’ ಅಂತ ಹೇಳಿಕೊಡುವ ಕಡೆ ಇಂಗ್ಲಿಷ್ ಮೆನುವೇ ವಾಸಿ. ಜಾವಾ ಬೇಕೇ ಎಂದು ಕೆಲವರು ಕೇಳುತ್ತಾರೆ. ಕಾಮೆಂಟಿನ ಕೆಲಸಕ್ಕೆ ಬೇಡ.

ಇನ್‌ಸ್ಟಾಲ್ ಆದ ಮೇಲೆ ಮಾಡಬೇಕಾದ ಮೊದಲ ಕೆಲಸವನ್ನೇ ಹೆಚ್ಚಿನವರು ಮರೆಯುತ್ತಾರೆ: ಹೆಸರು ತುಂಬುವುದು. ಟೂಲ್ಸ್, ಆಪ್ಷನ್ಸ್, ಅಲ್ಲಿ ಲಿಬ್ರೆಆಫೀಸ್ ಅಡಿಯಲ್ಲಿ ಯೂಸರ್ ಡೇಟಾ. ಇದನ್ನು ಖಾಲಿ ಬಿಟ್ಟರೆ ಕಾಮೆಂಟುಗಳೆಲ್ಲ ‘ಅನ್‌ನೋನ್ ಆಥರ್’ ಆಗಿ ಕೂರುತ್ತವೆ. ಇಬ್ಬರು ಖಾಲಿ ಬಿಟ್ಟರೆ ಯಾರ ಮಾತು ಯಾರದೆಂದು ಬೇರ್ಪಡಿಸುವ ದಾರಿಯೇ ಇಲ್ಲ, ಬಣ್ಣವೂ ಒಂದೇ ಬರುತ್ತದೆ. ಆಮೇಲೆ ಹೆಸರು ತುಂಬಿದರೆ ಹಳೆಯ ಕಾಮೆಂಟುಗಳಿಗೆ ಅದು ಹತ್ತುವುದಿಲ್ಲ. ಇದರ ಜೊತೆಗೇ ನೋಡಬೇಕಾದ್ದು ಸೆಕ್ಯುರಿಟಿ ವಿಭಾಗದಲ್ಲಿ ಉಳಿಸುವಾಗ ವೈಯಕ್ತಿಕ ಮಾಹಿತಿ ತೆಗೆದುಹಾಕುವ ಆಯ್ಕೆ. ಕರಡು ತಿದ್ದುವ ಕಾಲದಲ್ಲಿ ಇದು ಆಫ್ ಆಗಿರಲಿ; ಆನ್ ಇದ್ದರೆ ಸೇವ್ ಮಾಡಿದಾಗ ನಿಜವಾದ ಹೆಸರುಗಳು ಹೋಗಿಬಿಡುತ್ತವೆ.

ಎರಡನೆಯದು ಭಾಷೆ. ಆಪ್ಷನ್ಸ್‌ನ ಭಾಷೆಯ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಸಾಲಿಗೆ ಕನ್ನಡ ಹಾಕಬೇಕು. ಲಿಬ್ರೆಆಫೀಸ್ ಇಂಗ್ಲಿಷಿಗೊಂದು, ಚೀನಿ-ಜಪಾನಿ ಬಗೆಯ ಲಿಪಿಗಳಿಗೊಂದು, ನಮ್ಮಂಥ ಲಿಪಿಗಳಿಗೊಂದು ಎಂದು ಫಾಂಟನ್ನು ಮೂರು ಬೇರೆ ಖಾನೆಗಳಲ್ಲಿ ಇಟ್ಟುಕೊಳ್ಳುತ್ತದೆ. ಸ್ಟೈಲ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಅಲ್ಲಾಡಲಿಲ್ಲ ಎಂಬ ದೂರಿಗೆ ಕಾರಣ ಇದೇ: ಬದಲಾದದ್ದು ಇಂಗ್ಲಿಷಿನ ಖಾನೆ. ಲಿಬ್ರೆಆಫೀಸ್ ರೈಟರ್ ಅಡಿಯ ಬೇಸಿಕ್ ಫಾಂಟ್ಸ್‌ನಲ್ಲಿ ಕಾಂಪ್ಲೆಕ್ಸ್ ಪುಟ ತೆರೆದು ನೋಟೋ ಸೆರಿಫ್ ಕನ್ನಡ ಅಥವಾ ನಿರ್ಮಲಾ ಹಾಕಿಟ್ಟರೆ ತಲೆನೋವು ತಪ್ಪುತ್ತದೆ. ತುಂಗಾ ಬೇಕೆಂದರೆ ವಿಂಡೋಸ್ 10ರಲ್ಲಿ ಅದನ್ನು ಐಚ್ಛಿಕ ಸೌಲಭ್ಯಗಳಿಂದ ಬೇರೆಯಾಗಿ ಸೇರಿಸಿಕೊಳ್ಳಬೇಕು. ಉಬುಂಟುವಿನಲ್ಲಿ ಗುಬ್ಬಿ, ನವಿಲು ಎರಡೂ ಪ್ಯಾಕೇಜಾಗಿ ಸಿಗುತ್ತವೆ.

ಈಗ ನಿಜವಾದ ಕಗ್ಗಂಟು: ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ, ಆಸ್ಕಿ ಬಗೆಯ ಫಾಂಟಿನಲ್ಲಿ ಟೈಪಾದ ಫೈಲುಗಳು ಇಂದಿಗೂ ಡಿಟಿಪಿ ಅಂಗಡಿಗಳಿಂದ ಬರುತ್ತಲೇ ಇವೆ. ಆ ಫೈಲನ್ನು ನುಡಿ ಫಾಂಟ್ ಇರುವ ಯಂತ್ರದಲ್ಲಿ ತೆರೆದರೆ ಪಠ್ಯ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ‘ನಡೆಯುತ್ತೆ ಬಿಡಿ’ ಅನ್ನಿಸುತ್ತದೆ. ಅದೇ ಕೀಲಿಮಣೆಯಲ್ಲಿ ಕಾಮೆಂಟ್ ಬರೆಯಲು ಹೋಗಿ ನೋಡಿ. ಕಾಮೆಂಟಿನ ಪೆಟ್ಟಿಗೆಗೆ ಅದರದೇ ಫಾಂಟ್ ಇದೆ, ಅದು ನುಡಿಯಲ್ಲ. ‘ನ’ ಒತ್ತಿದರೆ ಅಲ್ಲಿ ಮೂಡುವುದು ಪೌಂಡ್ ಚಿಹ್ನೆ ಮತ್ತು ತಲೆಯ ಮೇಲೆ ಓರೆಗೆರೆ ಹೊತ್ತ ಒಂದು ಇಂಗ್ಲಿಷ್ ಅಕ್ಷರ. ಪೆಟ್ಟಿಗೆಯ ತುಂಬ ಅದೇ ಜಾತ್ರೆ. ಇದು ಲಿಬ್ರೆಆಫೀಸಿನ ದೋಷವಲ್ಲ. ಆಸ್ಕಿ ಬಗೆಯಲ್ಲಿ ಒಳಗೆ ಉಳಿಯುವುದೇ ಲ್ಯಾಟಿನ್ ಅಕ್ಷರ, ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಗೂಗಲ್ ಡಾಕ್ಸ್‌ನಲ್ಲಂತೂ ನಮ್ಮ ಫಾಂಟನ್ನು ಸೇರಿಸಲು ಅವಕಾಶವೇ ಇಲ್ಲದ್ದರಿಂದ ಪಠ್ಯವೂ ಹಾಗೇ ಕಾಣುತ್ತದೆ.

ಹಾಗಾಗಿ ಒಂದೇ ನಿಯಮ: ಕಾಮೆಂಟ್ ಹಾಕುವ ಮೊದಲು ಇಡೀ ಫೈಲು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತಸಂಖ್ಯೆ ಇರುವ ಪದ್ಧತಿಗೆ, ಬರಬೇಕು. ಪರಿವರ್ತಕಗಳು ಸಾಕಷ್ಟಿವೆ. ಪರಿವರ್ತನೆ ಆದ ಮೇಲೆ ಅರ್ಕಾವತ್ತು, ಎರಡು ಒತ್ತು ಬರುವ ಅಕ್ಷರಗಳು, ಅಂಕಿಗಳು, ಮಧ್ಯೆ ಬಂದ ಇಂಗ್ಲಿಷ್ ಪದಗಳು, ಈ ನಾಲ್ಕನ್ನು ಕಣ್ಣಿಟ್ಟು ನೋಡಿ. ಇಂಗ್ಲಿಷ್ ಪದವನ್ನೂ ನುಡಿಯೆಂದೇ ತಿಳಿದು ಪರಿವರ್ತಕ ಅದನ್ನು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಟೈಪಿಸಲು ನುಡಿಯೇ ಬೇಕೆನ್ನುವವರು ಅದರ ಯೂನಿಕೋಡ್ ಆವೃತ್ತಿ ಬಳಸಲಿ. ವಿಂಡೋಸ್ 10ರ ಕನ್ನಡ ಫೊನೆಟಿಕ್, ಲಿನಕ್ಸ್‌ನ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸ ಎರಡೂ ಚೆನ್ನಾಗಿವೆ.

ಇಷ್ಟಾದರೆ ದಿನದ ಕೆಲಸ ಸರಾಗ. ಪದವನ್ನೋ ವಾಕ್ಯವನ್ನೋ ಆಯ್ದು ಕಂಟ್ರೋಲ್-ಆಲ್ಟ್-ಸಿ ಒತ್ತಿದರೆ ಅಂಚಿನಲ್ಲಿ ಪೆಟ್ಟಿಗೆ ತೆರೆಯುತ್ತದೆ. ಆಯ್ಕೆ ಮಾಡದೆ ಒತ್ತಿದರೆ ಕಾಮೆಂಟ್ ಒಂದು ಬಿಂದುವಿಗೆ ಅಂಟಿಕೊಳ್ಳುತ್ತದೆ, ಯಾವ ಪದದ ಬಗ್ಗೆ ಹೇಳಿದ್ದೆಂದು ಓದುವವರು ಊಹಿಸಬೇಕು. ಬರೆದಾದ ಮೇಲೆ ಎಸ್ಕೇಪ್ ಒತ್ತಿ ಪಠ್ಯಕ್ಕೆ ಮರಳಬಹುದು. ಕಂಟ್ರೋಲ್-ಆಲ್ಟ್ ಹಿಡಿದು ಪೇಜ್‌ಡೌನ್ ಒತ್ತಿದರೆ ಮುಂದಿನ ಕಾಮೆಂಟು, ಪೇಜ್‌ಅಪ್ ಒತ್ತಿದರೆ ಹಿಂದಿನದು. ಎಫ್5 ಒತ್ತಿದರೆ ಬರುವ ನ್ಯಾವಿಗೇಟರ್‌ನಲ್ಲಿ ಕಾಮೆಂಟುಗಳೆಲ್ಲ ಸಾಲಾಗಿ ಸಿಗುತ್ತವೆ. ಮುನ್ನೂರು ಪುಟದ ಕರಡಿನಲ್ಲಿ ಇದಿಲ್ಲದೆ ಕೈಕಾಲು ಆಡುವುದಿಲ್ಲ. ಉತ್ತರ ಕೊಡಬಹುದು, ಮುಗಿದದ್ದನ್ನು ‘ರಿಸಾಲ್ವ್’ ಮಾಡಬಹುದು, ಒಬ್ಬರ ಕಾಮೆಂಟುಗಳನ್ನಷ್ಟೇ ಒಟ್ಟಿಗೆ ಅಳಿಸಬಹುದು.

ಕಾಮೆಂಟ್ ಸಲಹೆಗೆ, ಟ್ರ್ಯಾಕ್ ಚೇಂಜಸ್ ತಿದ್ದುಪಡಿಗೆ. ಕಂಟ್ರೋಲ್-ಶಿಫ್ಟ್-ಸಿ ಒತ್ತಿದರೆ ದಾಖಲಾತಿ ಶುರು. ಕಾಗುಣಿತದ ತಪ್ಪಿಗೆಲ್ಲ ಕಾಮೆಂಟ್ ಹಾಕಿದರೆ ಕರಡು ಬಡಪಾಯಿಯಾಗುತ್ತದೆ. ಅಂಥದ್ದನ್ನು ನೇರವಾಗಿ ತಿದ್ದಿ, ಲೇಖಕರನ್ನು ಕೇಳಬೇಕಾದ್ದಕ್ಕೆ ಮಾತ್ರ ಕಾಮೆಂಟ್ ಇಡಿ. ಯಾರೂ ದಾಖಲಾತಿ ನಿಲ್ಲಿಸದಂತೆ ಪಾಸ್‌ವರ್ಡ್ ಹಾಕುವ ‘ಪ್ರೊಟೆಕ್ಟ್’ ಅದೇ ಮೆನುವಿನಲ್ಲಿದೆ. ಹೊರಗಿನ ಪ್ರೂಫ್‌ ರೀಡರಿಗೆ ಫೈಲು ಕಳಿಸುವಾಗ ಅದನ್ನು ಹಾಕಿಯೇ ಕಳಿಸಬೇಕು. ಕೊನೆಗೆ ‘ಮ್ಯಾನೇಜ್’ ತೆರೆದರೆ ತಿದ್ದುಪಡಿಗಳ ಪಟ್ಟಿ ಸಿಗುತ್ತದೆ. ಅದರ ಫಿಲ್ಟರ್ ಪುಟದಲ್ಲಿ ಹೆಸರು ಅಥವಾ ದಿನಾಂಕ ಹಾಕಿ, ಒಬ್ಬ ಪ್ರೂಫ್‌ ರೀಡರಿನ ತಿದ್ದುಪಡಿಗಳನ್ನಷ್ಟೇ ತೋರಿಸಿಕೊಂಡು ಒಪ್ಪಿಬಿಡಬಹುದು. ಈ ಒಂದು ಕಾರಣಕ್ಕೇ ಈ ತಂತ್ರಾಂಶಕ್ಕೆ ಒಳ್ಳೆಯ ಅಂಕ ಕೊಡಬೇಕು.

ಕನ್ನಡಕ್ಕೆ ಇಲ್ಲೊಂದು ಸೂಕ್ಷ್ಮವಿದೆ. ‘ಸಂಸ್ಕತಿ’ ಎಂದಿದ್ದಲ್ಲಿ ಕರ್ಸರ್ ಇಟ್ಟು ‘ೃ’ ಮಾತ್ರ ಸೇರಿಸಿದರೆ, ಹೊಸದಾಗಿ ಬಂದ ಗುರುತಿಗೆ ಬೇರೆ ಬಣ್ಣ ಬರುತ್ತದೆ. ಒಂದೇ ಅಕ್ಷರದ ಅರ್ಧ ಕಪ್ಪು, ಅರ್ಧ ಬಣ್ಣ ಎಂದಾಗ ತಂತ್ರಾಂಶ ಎರಡನ್ನೂ ಬೇರೆ ಬೇರೆ ತುಂಡಾಗಿ ಚಿತ್ರಿಸುವುದುಂಟು, ಆಗ ಗುರುತು ಚುಕ್ಕಿಗಳ ವೃತ್ತದ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ತಿದ್ದುಪಡಿ ಒಪ್ಪಿದೊಡನೆ ಸರಿಹೋಗುತ್ತದೆ, ನಿಜ. ಆದರೆ ಅಷ್ಟರಲ್ಲಿ ಲೇಖಕರು ನೋಡಿದರೆ ಗಾಬರಿಯಾಗುತ್ತಾರೆ. ಒತ್ತಕ್ಷರವನ್ನೋ ಸ್ವರಚಿಹ್ನೆಯನ್ನೋ ಬಿಡಿಯಾಗಿ ತಿದ್ದದೆ, ಪದವನ್ನೇ ಪೂರ್ತಿ ಅಳಿಸಿ ಹೊಸದಾಗಿ ಟೈಪಿಸುವುದು ಮೇಲು. ಓದಲೂ ಸ್ಪಷ್ಟ.

ಇನ್ನೊಂದು, ಕಣ್ಣಿಗೆ ಕಾಣದ ತಿದ್ದುಪಡಿ. ‘ಸಾಫ್ಟ್‌ವೇರ್’ ಬರೆಯುವಾಗ ಟ ಮತ್ತು ವ ಒತ್ತಾಗದಂತೆ ನಡುವೆ ಅಗಲವಿಲ್ಲದ ಒಂದು ಅಕ್ಷರ ಇರಬೇಕು. ಕೆಲವು ಕೀಲಿಮಣೆಗಳು ಅದನ್ನು ತಾವೇ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಅಂಥದ್ದೊಂದು ಹೆಚ್ಚುವರಿಯಾಗಿ ಪದದ ಕೊನೆಗೆ ಬಿದ್ದಿದ್ದರೆ ಪದ ಕಾಣುವುದು ಇದ್ದಂತೆಯೇ. ಅದನ್ನು ತೆಗೆದಾಗ ಪಟ್ಟಿಯಲ್ಲಿ ಒಂದು ಅಳಿಸುವಿಕೆ ದಾಖಲಾಗುತ್ತದೆ, ಆದರೆ ಏನು ಅಳಿಸಿದ್ದೆಂದು ಕಾಣುವುದಿಲ್ಲ. ಅನುಮಾನ ಬಂದರೆ ಆ ಜಾಗ ಆಯ್ದು ಆಲ್ಟ್-ಎಕ್ಸ್ ಒತ್ತಿ. ಅಕ್ಷರದ ಸಂಕೇತಸಂಖ್ಯೆ ಕಾಣುತ್ತದೆ, ಮತ್ತೆ ಒತ್ತಿದರೆ ಅಕ್ಷರ ಮರಳುತ್ತದೆ.

ಪ್ರೂಫ್‌ ರೀಡರು ದಾಖಲಾತಿ ಹಾಕಿಕೊಳ್ಳದೇ ತಿದ್ದಿ ಕಳಿಸಿದ್ದರೆ? ಅವರ ಫೈಲು ತೆರೆದು, ಟ್ರ್ಯಾಕ್ ಚೇಂಜಸ್‌ನಲ್ಲಿ ‘ಕಂಪೇರ್ ಡಾಕ್ಯುಮೆಂಟ್’ ಒತ್ತಿ ಮೂಲ ಫೈಲನ್ನು ತೋರಿಸಿ. ವ್ಯತ್ಯಾಸಗಳೆಲ್ಲ ತಿದ್ದುಪಡಿಗಳಾಗಿ ಏಳುತ್ತವೆ, ಆದರೆ ಹೋಲಿಸಿದವರ ಹೆಸರಿನಲ್ಲಿ. ಒಂದು ಫೈಲು ನುಡಿಯಲ್ಲೂ ಇನ್ನೊಂದು ಯೂನಿಕೋಡ್‌ನಲ್ಲೂ ಇದ್ದರೆ ಇಡೀ ಪುಸ್ತಕವೇ ಬದಲಾಗಿದೆ ಎಂದು ತೋರಿಸುತ್ತದೆ, ಹೋಲಿಕೆ ವ್ಯರ್ಥ.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಮೊದಲನೆಯದು, ಇಬ್ಬರು ಒಂದೇ ಹೊತ್ತಿಗೆ ಒಂದೇ ಫೈಲಿನಲ್ಲಿ ಕೆಲಸ ಮಾಡುವಂತಿಲ್ಲ. ಕಚೇರಿಯ ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟರೆ ಎರಡನೆಯವರಿಗೆ ಫೈಲು ಬೀಗ ಬಿದ್ದಿದೆ ಎನ್ನುತ್ತದೆ. ಅದೇ ಫೈಲನ್ನು ಸಿಂಕ್ ಆಗುವ ಕ್ಲೌಡ್ ಫೋಲ್ಡರಿನಲ್ಲಿಟ್ಟರೆ ಆ ಬೀಗದ ಫೈಲು ತಡವಾಗಿ ತಲುಪಿ ಎರಡು ಪ್ರತಿಗಳು ಹುಟ್ಟಿಕೊಳ್ಳಬಹುದು. ಎರಡನೆಯದು, ಕಾಮೆಂಟುಗಳನ್ನು ಎಕ್ಸೆಲ್ ಥರದ ಕೋಷ್ಟಕಕ್ಕೆ ಇಳಿಸುವ ಬಟನ್ ಇಲ್ಲ. ಯಾವ ಪುಟ, ಯಾರ ಪ್ರಶ್ನೆ, ಲೇಖಕರ ಉತ್ತರ ಏನು ಎಂಬ ಪಟ್ಟಿ ಬೇಕಾದಾಗ ಕೈ ಕಟ್ಟಿದಂತಾಗುತ್ತದೆ. ಇರುವುದರಲ್ಲಿ ಹತ್ತಿರದ್ದು ಪ್ರಿಂಟ್‌ನಲ್ಲಿ ರೈಟರ್ ಪುಟಕ್ಕೆ ಹೋಗಿ ಕಾಮೆಂಟುಗಳನ್ನಷ್ಟೇ ಮುದ್ರಿಸುವ ಆಯ್ಕೆ. ಅದನ್ನು ಪಿಡಿಎಫ್ ಮಾಡಿ ಲೇಖಕರಿಗೆ ಕಳಿಸಬಹುದು. ಅಂಚಿನಲ್ಲೇ ಕಾಣುವಂತೆ ಮುದ್ರಿಸುವುದೂ ಸಾಧ್ಯ, ಕಾಗದದ ಮೇಲೆ ಓದುವ ಹಿರಿಯ ಲೇಖಕರಿಗೆ ಅದೇ ಇಷ್ಟ. ಮ್ಯಾಕ್ರೋ, ಅಂದರೆ ಇಂಥ ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ, ಬರೆಯಬಲ್ಲವರಿಗೆ ಕೋಷ್ಟಕ ಕಷ್ಟವಲ್ಲ, ಆದರೆ ಪ್ರಕಾಶನದ ಕಚೇರಿಯಲ್ಲಿ ಅಂಥವರು ಇರಬೇಕಲ್ಲ.

ಮೂರಕ್ಕಿಂತ ಹೆಚ್ಚು ಜನ ಒಟ್ಟಿಗೆ ಕೆಲಸ ಮಾಡಬೇಕೆಂದರೆ ಇದೇ ಎಂಜಿನ್ ಮೇಲೆ ನಿಂತ ಕೊಲಾಬೊರಾ ಆನ್‌ಲೈನ್ ಇದೆ. ಸ್ವಂತ ಸರ್ವರ್‌ನಲ್ಲಿ ಫೈಲು ಇಟ್ಟು ಹಂಚಿಕೊಳ್ಳುವ ತಂತ್ರಾಂಶವಾದ ನೆಕ್ಸ್ಟ್‌ಕ್ಲೌಡ್ ಜೊತೆ ಜೋಡಿಸಿದರೆ ಬ್ರೌಸರಿನಲ್ಲೇ ಎಲ್ಲರೂ ಒಟ್ಟಿಗೆ ತಿದ್ದಬಹುದು. ಕಾಮೆಂಟಿಗೆ ಖಾತೆಯ ಹೆಸರೇ ಬರುವುದರಿಂದ ‘ಅನ್‌ನೋನ್ ಆಥರ್’ ಕಾಟ ತಪ್ಪುತ್ತದೆ. ಉಚಿತ ಆವೃತ್ತಿಯ ಹೆಸರು ಕೋಡ್. ನೆಕ್ಸ್ಟ್‌ಕ್ಲೌಡ್ ಆ್ಯಪ್ ಪಟ್ಟಿಯಲ್ಲಿ ಸಿಗುವ ಒಳಗಿನ ಕೋಡ್ ಸರ್ವರ್ ಒತ್ತಿದರೆ ಬಂದುಬಿಡುತ್ತದೆ, ಆದರೆ ನಿಧಾನ. ತಂತ್ರಾಂಶವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ನಡೆಸುವ ಡಾಕರ್‌ನಲ್ಲಿ ಬೇರೆಯಾಗಿ ಓಡಿಸುವುದೇ ಸರಿ: ಅದು 9980ನೇ ಪೋರ್ಟ್‌ನಲ್ಲಿ ಕೇಳುತ್ತದೆ, ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಲ್ಲಿಸಿ ಎಚ್‌ಟಿಟಿಪಿಎಸ್ ಕೊಡಬೇಕು. ಪುಟ ತೆರೆದು ಬಿಳಿಯಾಗಿಯೇ ಉಳಿದರೆ ಮೊದಲು ವೆಬ್‌ಸಾಕೆಟ್, ಅಂದರೆ ಬ್ರೌಸರ್ ಮತ್ತು ಸರ್ವರ್ ನಡುವೆ ಸದಾ ತೆರೆದಿರುವ ಸಂಪರ್ಕ, ಎಂಜಿನ್‌ಎಕ್ಸ್ ದಾಟುತ್ತಿದೆಯೇ ನೋಡಿ. ಅನುಮತಿ ಇಲ್ಲ ಎಂದರೆ ನೆಕ್ಸ್ಟ್‌ಕ್ಲೌಡಿನ ವಿಳಾಸ ಕೋಡ್‌ನ ಅನುಮತಿ ಪಟ್ಟಿಯಲ್ಲಿ ಇಲ್ಲವೆಂದೇ ಅರ್ಥ. ಕನ್ನಡ ಚೌಕ ಚೌಕವಾಗಿ ಕಂಡರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಫಾಂಟ್ ಹಾಕಿ ಫಲವಿಲ್ಲ. ಅಕ್ಷರ ಬಿಡಿಸುವುದು ಸರ್ವರ್, ಫಾಂಟ್ ಅಲ್ಲಿರಬೇಕು. ನೆಕ್ಸ್ಟ್‌ಕ್ಲೌಡ್ ಆಫೀಸಿನ ಆಡಳಿತ ಪುಟದಲ್ಲಿ ಹೆಚ್ಚುವರಿ ಫಾಂಟ್ ಏರಿಸುವ ಜಾಗವಿದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ಹಳೆಯ ಡೆಸ್ಕ್‌ಟಾಪ್ ತಂದು ಕಚೇರಿಯಲ್ಲೇ ಸರ್ವರ್ ಇಡೋಣ ಎನ್ನುವವರು ಒಂದನ್ನು ವಿಚಾರಿಸಿಕೊಳ್ಳಿ: ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ಐಪಿ (ಅಂತರ್ಜಾಲದ ವಿಳಾಸಸಂಖ್ಯೆ) ಇದೆಯೇ ಎಂದು. ಹಲವು ಗ್ರಾಹಕರಿಗೆ ಒಂದೇ ಐಪಿ ಹಂಚಿದ್ದರೆ ಹೊರಗಿನಿಂದ ಒಳಬರಲು ನೇರ ದಾರಿ ಇರುವುದಿಲ್ಲ. ಇಬ್ಬರು ಮೂವರ ತಂಡಕ್ಕೆ ಈ ಉಸಾಬರಿ ಬೇಡ.

ಕರೆಂಟಿನ ಮಾತೂ ಆಗಲಿ. ಮಳೆಗಾಲದ ಸಂಜೆ ಕರೆಂಟು ಹೋದರೆ, ಕೆಲಸವನ್ನು ಆಗಾಗ ತಾನೇ ಉಳಿಸಿಡುವ ಆಟೋರಿಕವರಿ ಮೊದಲಿನಿಂದ ಇರುವ 10 ನಿಮಿಷದ ಲೆಕ್ಕದಲ್ಲೇ ಉಳಿದಿರುತ್ತದೆ. ಲೋಡ್-ಸೇವ್ ಪುಟದಲ್ಲಿ ಅದನ್ನು 3ಕ್ಕೆ ಇಳಿಸಿ, ಬ್ಯಾಕಪ್ ಪ್ರತಿ ಇಡುವ ಆಯ್ಕೆಯೂ ಆನ್ ಇದೆಯೇ ನೋಡಿಕೊಳ್ಳಿ.

ಪುಟವಿನ್ಯಾಸಕ್ಕೆ ಕೊಡುವ ಮೊದಲು ಹೊಸ ಪ್ರತಿ ಮಾಡಿಕೊಂಡು, ದಾಖಲಾತಿ ನಿಲ್ಲಿಸಿ, ತಿದ್ದುಪಡಿಗಳನ್ನೆಲ್ಲ ಒಪ್ಪಿ, ಆಮೇಲೆ ಕಾಮೆಂಟುಗಳನ್ನು ಅಳಿಸಬೇಕು. ಈ ಕ್ರಮ ತಪ್ಪಬಾರದು: ದಾಖಲಾತಿ ಆನ್ ಇದ್ದಾಗ ಕಾಮೆಂಟ್ ಅಳಿಸಿದರೆ ಆ ಅಳಿಸುವಿಕೆಯೂ ಇನ್ನೊಂದು ತಿದ್ದುಪಡಿಯಾಗಿ ಉಳಿಯುತ್ತದೆ. ‘ರಿಸಾಲ್ವ್’ ಆದ ಕಾಮೆಂಟುಗಳನ್ನು ವ್ಯೂ ಮೆನುವಿನಿಂದ ಮರೆಮಾಡಿದ್ದರೆ ಅವು ಕಾಣುವುದಿಲ್ಲ ಅಷ್ಟೆ, ಫೈಲಿನಲ್ಲಿ ಹಾಗೇ ಇರುತ್ತವೆ. ‘ಈ ಅಧ್ಯಾಯ ಯಾಕೆ ಬೇಕು ಅಂತಲೇ ಗೊತ್ತಾಗ್ತಿಲ್ಲ’ ಎಂದು ಸಂಪಾದಕರು ಬರೆದು ಮುಚ್ಚಿಟ್ಟ ಮಾತು ಲೇಖಕರ ಯಂತ್ರದಲ್ಲಿ ತೆರೆದುಕೊಳ್ಳುವುದು ಹೀಗೆಯೇ.