ಪ್ಯಾಕೇಜ್ ಮುಗಿಸಲು ಹೋಗಿ ಉಗುರುಸುತ್ತು ತಂದುಕೊಂಡೆ

ಮೊದಲೇ ಹೇಳಿಬಿಡುತ್ತೇನೆ, ಪಾರ್ಲರ್‌ಗೆ ಹೋಗಲೇಬೇಡಿ ಅಂತ ಬರೆಯುತ್ತಿಲ್ಲ. ನಾನು ಈಗಲೂ ಹೋಗುತ್ತೇನೆ. ಆದರೆ ಹನ್ನೆರಡು ಸಿಟ್ಟಿಂಗ್, ನಾಲ್ಕು ತಿಂಗಳು ವ್ಯಾಲಿಡಿಟಿ ಅಂತ ಯಾರಾದರೂ ಮ್ಯಾನಿಕ್ಯೂರ್-ಪೆಡಿಕ್ಯೂರ್ ಪ್ಯಾಕೇಜ್ ತೋರಿಸಿದರೆ ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ.

ವಿಜಯಪುರದ ಚಳಿಗಾಲ ಗೊತ್ತಲ್ಲ. ಒಣ ಗಾಳಿ ಬಿಟ್ಟಿತು ಅಂದರೆ ಹಿಮ್ಮಡಿ ನಮ್ಮ ಕರಿಮಣ್ಣಿನ ಹೊಲ ಬಿರಿದ ಹಾಗೆ ಬಿರಿಯುತ್ತದೆ. ರಾತ್ರಿ ಹೊದಿಕೆಯ ದಾರ ಸಿಕ್ಕಿ ಚರ್ರ್ ಅನ್ನುತ್ತದೆ. ಮೊದಲೆಲ್ಲ ನಾನು ವರ್ಷಕ್ಕೆ ಎರಡೋ ಮೂರೋ ಸಲ, ಮದುವೆ ಗಿದುವೆ ಇದ್ದಾಗ ಮಾತ್ರ ಪೆಡಿಕ್ಯೂರ್ ಮಾಡಿಸುತ್ತಿದ್ದೆ. ಹೋದ ದಸರೆಗೆ ಮನೆ ಹತ್ತಿರದ ಪಾರ್ಲರ್‌ನಲ್ಲಿ ಆಫರ್ ಬಿತ್ತು. ಕೈ, ಕಾಲು ಎರಡೂ ಸೇರಿ ಹನ್ನೆರಡು ಸಲಕ್ಕೆ ಆರು ಸಾವಿರ ರೂಪಾಯಿ. ಕೌಂಟರ್‌ನಲ್ಲಿದ್ದ ಹುಡುಗಿ, "ಅಕ್ಕಾರ, ಹತ್ತ ದಿನಕ್ಕೊಮ್ಮೆ ಬಂದು ಹೋಗ್ರಿ ಸಾಕು, ಹಿಮ್ಮಡಿ ಹತ್ತಿ ಆದಂಗ ಆಗ್ತಾವ" ಅಂದಳು. ನಾನು ನಾಲ್ಕು ತಿಂಗಳನ್ನು ಹನ್ನೆರಡರಿಂದ ಭಾಗಿಸಿದೆ. ಸರಿಯಾಗಿ ಹತ್ತು ದಿನ ಬಂತು. ಎಂಥ ಲೆಕ್ಕ ನೋಡಿ, ನನ್ನ ಉಗುರಿಗೂ ಅದಕ್ಕೂ ಏನು ಸಂಬಂಧ ಅಂತ ತಲೆಗೇ ಬರಲಿಲ್ಲ.

ಮೊದಲ ತಿಂಗಳು ಸುಳ್ಳು ಹೇಳಬಾರದು, ಸ್ವರ್ಗ. ಬಿಸಿ ನೀರಿನ ಟಬ್‌ನಲ್ಲಿ ಕಾಲು ಇಟ್ಟು ಕೂತರೆ ಕಣ್ಣು ಎಳೆಯುತ್ತಿತ್ತು. ತೊಂದರೆ ಶುರುವಾಗಿದ್ದು ನಾಲ್ಕನೇ ಸಲದಿಂದ. ಹತ್ತು ದಿನದಲ್ಲಿ ಕೈ ಉಗುರು ಬೆಳೆಯುವುದೇ ಹೆಚ್ಚು ಕಡಿಮೆ ಒಂದು ಮಿಲಿಮೀಟರ್, ಕಾಲಿನದು ಅದರ ಅರ್ಧದಷ್ಟು. ಕತ್ತರಿಸಲು ಏನೂ ಇರುವುದಿಲ್ಲ. ಆದರೆ ದುಡ್ಡು ತೆಗೆದುಕೊಂಡ ಮೇಲೆ ಅವರು ಏನಾದರೂ ಮಾಡಲೇಬೇಕಲ್ಲ. ಹಾಗಾಗಿ ಉಗುರಿನ ಬುಡದ ತೆಳು ಚರ್ಮ, ಅವರು ಕ್ಯೂಟಿಕಲ್ ಅನ್ನುತ್ತಾರೆ, ಅದನ್ನು ಸಣ್ಣ ಕಟರ್‌ನಿಂದ ಸುತ್ತಲೂ ಕತ್ತರಿಸುವುದು. ಹಳೇ ಜೆಲ್ ಪಾಲಿಶ್ ತೆಗೆಯಲು ಅದನ್ನು ಕರಗಿಸುವ ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಸುತ್ತಿ ಹತ್ತು ಹದಿನೈದು ನಿಮಿಷ ಕೂರಿಸುವುದು, ಆಮೇಲೆ ಕೆರೆಯುವುದು, ಮತ್ತೆ ಹೊಸದು ಹಚ್ಚುವುದು. ಹಿಮ್ಮಡಿಗೆ ಬ್ಲೇಡ್. ಎಷ್ಟು ಹೆರೆದರೂ ಮುಂದಿನ ಸಲಕ್ಕೆ ಇನ್ನಷ್ಟು ದಪ್ಪಗಾಗಿರುತ್ತಿತ್ತು, ನಾನು ಚಳಿಗೆ ಹಾಗಾಗುತ್ತಿದೆ ಅಂದುಕೊಂಡೆ.

ಸೂಚನೆ ಇರಲಿಲ್ಲ ಅಂತಲ್ಲ. ನಿಂಬೆಹಣ್ಣು ಹಿಂಡುವಾಗ ಹತ್ತೂ ಬೆರಳಿನ ಬುಡ ಚುರ್ ಅನ್ನುತ್ತಿತ್ತು. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತೇವಲ್ಲ, ಇಪ್ಪತ್ತು ವರ್ಷದಿಂದ ಕಾಯ್ದು ಗಟ್ಟಿಯಾದ ಕೈ ನನ್ನದು, ಆ ಹಿಟ್ಟು ಮುಟ್ಟಲು ಆಗದೆ ಸೌಟಿನಿಂದ ಕಲಸುತ್ತಿದ್ದೆ. ಉಗುರು ಹಪ್ಪಳದ ಹಾಗೆ ತೆಳ್ಳಗಾಗಿ ಬಾಗುತ್ತಿತ್ತು. ಅದನ್ನು ಪಾರ್ಲರ್‌ನಲ್ಲಿ ಹೇಳಿದರೆ ಉತ್ತರ ಏನು ಗೊತ್ತಾ? "ವೀಕ್ ಆಗ್ಯಾವ ಅಕ್ಕಾರ, ಜೆಲ್ ಹಚ್ಚಿದ್ರ ಗಟ್ಟಿ ಆಗ್ತಾವ."

ಏಳನೇ ಸಿಟ್ಟಿಂಗ್ ಎಳ್ಳ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ. ಅವತ್ತು ಗದ್ದಲ ಇತ್ತು. ನನ್ನ ಮುಂದೆಯೇ ಇನ್ನೊಬ್ಬರ ಕೈ ಮುಗಿಸಿ, ಅದೇ ಕಟರ್ ಅನ್ನು ಗ್ಲಾಸಿನಲ್ಲಿದ್ದ ಔಷಧಿ ನೀರಿಗೆ ಅದ್ದಿ, ಟವೆಲ್‌ಗೆ ಒರೆಸಿ ನನ್ನ ಕೈ ಹಿಡಿದಳು. ನೋಡಿದೆ. ನೋಡಿಯೂ ಸುಮ್ನೆ ಕೂತೆ. ಏನನ್ನಲಿ, ಪಾಪ ಹುಡುಗಿ ಬೆಳಿಗ್ಗೆಯಿಂದ ನಿಂತೇ ಇದ್ದಾಳೆ ಅಂತ. ಬಲಗೈ ಹೆಬ್ಬೆರಳಲ್ಲಿ ಒಂದು ಹನಿ ರಕ್ತ ಬಂತು, ಹತ್ತಿ ಒತ್ತಿ ಮೇಲೆ ಪಾಲಿಶ್ ಹಚ್ಚಿದಳು.

ಮೂರನೇ ದಿನಕ್ಕೆ ಹೆಬ್ಬೆರಳು ಕೆಂಪಗಾಗಿ ಊದಿತು. ರಾತ್ರಿಯೆಲ್ಲ ಎದೆ ಬಡಿದ ಹಾಗೆ ಬೆರಳು ಬಡಿಯುತ್ತಿತ್ತು. ಅತ್ತೆ ನೋಡಿದವರೇ "ಉಗುರುಸುತ್ತು ಆಗೇತಿ" ಅಂತ ನಿಂಬೆಹಣ್ಣು ಕೊರೆದು ಬೆರಳಿಗೆ ಟೋಪಿ ಹಾಕಿದಂತೆ ಸಿಕ್ಕಿಸಿದರು. ಒಡೆದ ಚರ್ಮಕ್ಕೆ ನಿಂಬೆ ರಸ! ಕಣ್ಣಲ್ಲಿ ನೀರು ಬಂತು. ಅಮಾವಾಸ್ಯೆ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗಬೇಕು, ಮನೆ ತುಂಬ ಜನ, ಸಜ್ಜಿ ರೊಟ್ಟಿ ಬಡಿಯುವ ಸರದಿ ನನ್ನದು. ಒಂದು ರೊಟ್ಟಿಯೂ ಬಡಿಯಲು ಆಗಲಿಲ್ಲ. ನೆಗೆಣ್ಣಿ ಒಬ್ಬಳೇ ಬಡಿದಳು, ಬಾಯಲ್ಲಿ ಏನೂ ಅನ್ನಲಿಲ್ಲ, ನನ್ನ ಉಗುರಿನ ಮೆರೂನ್ ಬಣ್ಣವನ್ನು ಮಾತ್ರ ಎರಡು ಸಲ ನೋಡಿದಳು.

ಮರುದಿನ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಬೆರಳು ಮರಗಟ್ಟಿಸಿ, ಉಗುರಿನ ಪಕ್ಕ ಸಣ್ಣದಾಗಿ ಕೊಯ್ದು ಕೀವು ತೆಗೆದರು. ಏಳು ದಿನ ಮಾತ್ರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೋದಾಗಲೂ ಹೆಬ್ಬೆರಳಿಗೆ ಪಟ್ಟಿ ಇತ್ತು.

ಡಾಕ್ಟರಮ್ಮ ಬೈದಿದ್ದು ಪಾರ್ಲರ್‌ಗಿಂತ ಜಾಸ್ತಿ ನನಗೇ. ಆ ತೆಳು ಚರ್ಮ ಹೊಲಸಲ್ಲ, ಉಗುರಿಗೂ ಚರ್ಮಕ್ಕೂ ನಡುವೆ ನೀರು, ಕ್ರಿಮಿ ಇಳಿಯದಂತೆ ಹಾಕಿದ ಸೀಲು, ಹತ್ತು ದಿನಕ್ಕೊಮ್ಮೆ ಅದನ್ನು ಕಿತ್ತು ದಿನವಿಡೀ ಪಾತ್ರೆ ನೀರಲ್ಲಿ ಕೈ ಅದ್ದಿದರೆ ಮತ್ತೇನಾಗುತ್ತದೆ ಅಂದರು. ಹಿಮ್ಮಡಿಯದೂ ಅದೇ ಕಥೆ, ಬ್ಲೇಡ್‌ನಿಂದ ಜಾಸ್ತಿ ಹೆರೆದಷ್ಟು ಚರ್ಮ ತನ್ನನ್ನು ಕಾಯ್ದುಕೊಳ್ಳಲು ದಪ್ಪಗಾಗುತ್ತದೆ. ಬ್ಲೇಡ್ ಮುಟ್ಟಿಸಲೇಬೇಡಿ ಅಂದರು. ಟಬ್ ಬಗ್ಗೆ ಕೇಳಿದಾಗ 2000ದ ಒಂದು ಘಟನೆ ಹೇಳಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಸಲೂನ್‌ಗೆ ಹೋದ ನೂರಕ್ಕೂ ಹೆಚ್ಚು ಜನರ ಕಾಲಿಗೆ ಹುಣ್ಣಾಗಿತ್ತು. ನೀರು ತಿರುಗಿಸುವ ಟಬ್‌ನ ಜಾಲರಿ ಹಿಂದೆ ಕೂದಲು, ಸತ್ತ ಚರ್ಮ ಸೇರಿ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತಂತೆ. ಬರುವ ಮುಂಚೆ ಕಾಲಿನ ಕೂದಲು ಶೇವ್ ಮಾಡಿಕೊಂಡವರಿಗೆ ಅದು ತಗಲುವ ಅಪಾಯ ಜಾಸ್ತಿ. ನಾನು ಪ್ರತಿ ಸಲ ಹಿಂದಿನ ರಾತ್ರಿ ಶೇವ್ ಮಾಡಿಕೊಂಡೇ ಹೋಗುತ್ತಿದ್ದೆ, ಅವರ ಮುಂದೆ ಮರ್ಯಾದೆ ಹೋಗಬಾರದು ಅಂತ.

ಇನ್ನೊಂದು ವಿಷಯ, ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಐದು ಸಿಟ್ಟಿಂಗ್ ಉಳಿದಿದ್ದವು. ದುಡ್ಡು ವಾಪಸ್ ಇಲ್ಲ, ಬೇಕಾದರೆ ಮನೆಯವರಿಗೆ ಯಾರಿಗಾದರೂ ಕೊಡಿ ಅಂದರು. ಅವ್ವನನ್ನು ಕರೆದುಕೊಂಡು ಹೋಗೋಣ ಅಂದುಕೊಂಡೆ, ಅವಳ ಕಾಲೂ ಒಡೆದಿದೆ, ಜೀವನದಲ್ಲಿ ಒಮ್ಮೆ ಕೂತು ಕಾಲು ತಿಕ್ಕಿಸಿಕೊಳ್ಳಲಿ. ಡಾಕ್ಟರಮ್ಮನಿಗೆ ಸುಮ್ನೆ ಮಾತಿಗೆ ಹೇಳಿದೆ. "ನಿಮ್ಮ ತಾಯಿಗೆ ಶುಗರ್ ಇದೆಯಾ?" ಅಂದರು. ಹದಿನಾಲ್ಕು ವರ್ಷದಿಂದ ಇದೆ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು, ನೀರು ಸುಡುತ್ತಿದ್ದರೂ ತಿಳಿಯುವುದಿಲ್ಲ, ಬ್ಲೇಡ್ ತಾಗಿದರೂ ತಿಳಿಯುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ. ನನ್ನ ಬೆರಳು ಏಳು ದಿನದ ಮಾತ್ರೆಗೆ ಬಗ್ಗಿತು. ಅವ್ವನ ಕಾಲಿಗೆ ಹಾಗಾಗಿದ್ದರೆ? ಐದು ಸಿಟ್ಟಿಂಗ್ ದುಡ್ಡು ಹೋದರೆ ಹೋಗಲಿ ಅಂತ ಅಲ್ಲೇ ಬಿಟ್ಟೆ.

ಈಗ ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದರೆ, ಕೈಗೆ ತಿಂಗಳಿಗೊಮ್ಮೆಗಿಂತ ಜಾಸ್ತಿ ಇಲ್ಲ, ಕಾಲಿಗೆ ಒಂದೂವರೆ ಎರಡು ತಿಂಗಳಿಗೊಮ್ಮೆ. ಎಲ್ಲಾದರೂ ಸಣ್ಣ ಗಾಯ, ಕೆಂಪು ಇದ್ದರೆ ಆ ತಿಂಗಳು ಇಲ್ಲವೇ ಇಲ್ಲ. ಬುಡದ ಚರ್ಮ ಮುಟ್ಟಬೇಡಿ ಅಂತ ಕೂರುವ ಮುಂಚೆಯೇ ಹೇಳುತ್ತೇನೆ. ಜೆಲ್ ಮದುವೆಗೆ ಮಾತ್ರ, ಕಾಲು ಶೇವ್ ಮಾಡಿಕೊಂಡರೆ ಎರಡು ದಿನ ಬಿಟ್ಟು ಹೋಗುವುದು. ಕಟರ್, ಉಗುರು ತೀಡುವ ಫೈಲ್ ನನ್ನದೇ, ಇನ್ನೂರೈವತ್ತು ರೂಪಾಯಿಗೆ ಸಿಕ್ಕವು, ಪರ್ಸ್‌ನಲ್ಲಿ ಇರುತ್ತವೆ. ಪಾರ್ಲರ್‌ನವರು ನೀಲಿ ಲೈಟಿನ ಡಬ್ಬಿ ತೋರಿಸಿ ಕಟರ್ ಕ್ರಿಮಿ ಸಾಯಲಿ ಅಂತ ಇದರಲ್ಲಿ ಇಟ್ಟಿದ್ದೇವೆ ಅಂದರೆ ನಂಬಬೇಡಿ, ಒತ್ತಡದ ಹಬೆಯಲ್ಲಿ ಕಾಯಿಸುವ ಆಟೋಕ್ಲೇವ್ ಇದೆಯಾ, ಹಾಗೆ ಕಾಯಿಸಿದ ಕಟರ್‌ನ ಪ್ಯಾಕೆಟ್ ನಿಮ್ಮೆದುರೇ ಒಡೆಯುತ್ತಾರಾ ಕೇಳಿ. ಮುಖ ಸಿಂಡರಿಸಿದರೆ ಎದ್ದು ಬನ್ನಿ. ಹಿಮ್ಮಡಿಗೆ ಬಚ್ಚಲಿನ ಕಲ್ಲು, ರಾತ್ರಿ ಡಾಕ್ಟರ್ ಬರೆದುಕೊಟ್ಟ ಯೂರಿಯಾ ಕ್ರೀಮ್, ಮೇಲೆ ಹಳೇ ಸಾಕ್ಸ್. ನೋಡಲು ಚೆಂದ ಇಲ್ಲ, ಮನೆಯವರು ನಗುತ್ತಾರೆ, ನಗಲಿ.

ಹೆಬ್ಬೆರಳ ಉಗುರಲ್ಲಿ ಅಡ್ಡಕ್ಕೆ ಒಂದು ಗೆರೆ ಬಿದ್ದಿದೆ, ಗದ್ದೆಯ ಬದುವಿನ ಹಾಗೆ. ಸೋಂಕಾದಾಗ ಉಗುರಿನ ಬೆಳವಣಿಗೆ ತಡೆದ ಗುರುತು ಅದು. ತಿಂಗಳಿಗೆ ಮೂರು ಮಿಲಿಮೀಟರ್‌ನಂತೆ ಮೇಲೆ ಸರಿಯುತ್ತಿದೆ, ಈಗ ಅರ್ಧಕ್ಕೆ ಬಂದಿದೆ. ಮೊನ್ನೆ ಪಾರ್ಲರ್‌ನಿಂದ ಮೆಸೇಜ್ ಬಂತು, ಬೇಸಿಗೆ ಆಫರ್, ಹಳೇ ಗ್ರಾಹಕರಿಗೆ ಹದಿನಾಲ್ಕು ಸಿಟ್ಟಿಂಗ್ ಅಂತೆ.